ಕಚ್ಚುಕಡ್ಡಿ

ಬಟ್ಟೆಯಲ್ಲಿ ಸುತ್ತುವ ಮುಂಚೆ ಇಸಾಕು ಮುಖವಾಡವನ್ನು ಮತ್ತೊಮ್ಮೆ ಬೋರಲು ಮಾಡಿ ಒಳಗೆ ನೋಡಿದ. ಹೊರಗಿನಿಂದ ಅದು ಊರಿಗೆಲ್ಲ ಗೊತ್ತಿರುವ ಬಿಳಿ ನರಿ. ಮೇಲಕ್ಕೆ ಸೆಳೆದ ಚಿನ್ನದ ಬಣ್ಣದ ಕಣ್ಣು, ತುಟಿಯಂಚಿಗೆ ಕೆಂಪು, ಕಿವಿಯೊಳಗೆ ಕೆಂಪು, ನಗುತ್ತಿದೆಯೋ ಹೊಂಚು ಹಾಕುತ್ತಿದೆಯೋ ಹೇಳಲಾಗದ ಬಾಯಿ. ಒಳಗಿನಿಂದ ಮಾತ್ರ ಅದು ಯಾರೋ ಬಹುಕಾಲ ಇದ್ದು ಖಾಲಿ ಮಾಡಿದ ಕೋಣೆ. ಹಣೆ ತಾಗುವ ಕಡೆ ಬೆವರಿನ ಕಪ್ಪು, ಕೆನ್ನೆ ತಾಗುವ ಕಡೆ ಎಣ್ಣೆ ಕುಡಿದ ಮರ, ಮೂಗಿನ ಬಳಿ, ಇಷ್ಟು ವರ್ಷ ಅದನ್ನು ತೊಟ್ಟು ಕುಣಿದ ಯಾಸೊ ಅಜ್ಜನ ತಂಬಾಕಿನ ವಾಸನೆ. ಕೆಳದವಡೆ ಬೇರೆ ತುಂಡು, ಹುರಿಯಲ್ಲಿ ಕಟ್ಟಿದ್ದು. ಅದಕ್ಕೆ ಅಡ್ಡಲಾಗಿ ಒಂದು ಕಡ್ಡಿ. ಕುಣಿಯುವವನು ಆ ಕಡ್ಡಿಯನ್ನು ಹಲ್ಲಿನಲ್ಲಿ ಹಿಡಿದು ಗದ್ದ ಆಡಿಸಿದರೆ ನರಿಯ ಬಾಯಿ ಟಕ್ ಟಕ್ ಎಂದು ತೆರೆದು ಮುಚ್ಚುತ್ತದೆ. ಕಚ್ಚುಕಡ್ಡಿ ಎನ್ನುತ್ತಾರೆ. ಅದು ಬಾಯಲ್ಲಿರುವ ತನಕ ಮನುಷ್ಯ ಮಾತಾಡುವ ಹಾಗಿಲ್ಲ. ಅಲ್ಲಿದ್ದ ಹಳೆಯ ಕಡ್ಡಿಯ ಮೇಲೆ ಅಜ್ಜನ ಹಲ್ಲಿನ ಗುರುತುಗಳು ಎಷ್ಟು ಆಳವಾಗಿ ಕೂತಿದ್ದವೆಂದರೆ ಮಧ್ಯದಲ್ಲಿ ಅದು ಸವೆದು ಸೊಂಟ ಬಂದಿತ್ತು. ಇಸಾಕು ಅದನ್ನು ಕಿತ್ತುಹಾಕಿ ಚೆರ್ರಿ ಮರದ ಹೊಸ ಕಡ್ಡಿ ಕೆತ್ತಿ ಕೂರಿಸಿದ್ದ. ಹಳೆಯದನ್ನು ಸ್ನಾನದ ನೀರಿನ ಒಲೆಗೆ ಎಸೆದಿದ್ದ. ಎಸೆದ ಮೇಲೆ, ಅದು ಉರಿದು ಹೋಗುವ ತನಕ ಒಲೆಯ ಮುಂದೆಯೇ ಯಾಕೆ ಕೂತಿದ್ದೆ ಎನ್ನುವುದು ಅವನಿಗೇ ಬಗೆಹರಿದಿರಲಿಲ್ಲ.

ಅಮ್ಮ ತೊಮೆ ಅಡುಗೆಮನೆಯಿಂದಲೇ, ಕಡ್ಡಿ ಬದಲಾಯಿಸಿದ್ದು ಒಳ್ಳೆಯದೇ ಆಯಿತು ಎಂದಳು. ನಾಳೆ ಇನ್ನೊಬ್ಬರು ಅದನ್ನು ಬಾಯಿಗಿಡಬೇಕಾದಾಗ ಅವರಿಗೆ ಕಸಿವಿಸಿ ಆಗುವುದು ಬೇಡ, ಕುಣಿದು ಮುಗಿದ ಮೇಲೆ ನಿನ್ನ ಕಡ್ಡಿ ನೀನೇ ಬಿಚ್ಚಿಕೊಂಡು ಬಾ ಎಂದಳು. ತಾನು ಮನಸ್ಸಿನಲ್ಲಿ ಅಂದುಕೊಂಡದ್ದನ್ನೇ ಅಮ್ಮನ ಬಾಯಲ್ಲಿ ಕೇಳಿದಾಗ ಅವನಿಗೆ ಕೈಯಲ್ಲಿದ್ದುದನ್ನು ಗೋಡೆಗೆ ಬಡಿಯುವಷ್ಟು ಸಿಟ್ಟು ಬಂತು. ಇಷ್ಟು ವರ್ಷ ಈ ಹೆಂಗಸು ಹೀಗೆಯೇ ಬದುಕಿದ್ದಾಳೆ. ಯಾರಾದರೂ ಹೇಸುವ ಮುಂಚೆ ತಾನೇ ಹಿಂದೆ ಸರಿದು, ಅವರಿಗೆ ಹೇಸುವ ಶ್ರಮವನ್ನೂ ಉಳಿಸಿಕೊಟ್ಟು. ನರಿಕುಣಿತದ ತಂಡದವರು ಅವನನ್ನು ಕೇಳಲು ಬಂದ ದಿನವೂ ಅಷ್ಟೇ. ಡೋಲು ಬಾರಿಸುವ ಕುಮೆಜಿ ಮತ್ತು ಇನ್ನಿಬ್ಬರು ಹೊಸ್ತಿಲ ಆಚೆಯೇ ನಿಂತು, ಸೊಂಟ ಮುರಿದು ಬೀಳುವಷ್ಟು ಬಗ್ಗಿ ನಮಸ್ಕರಿಸಿ, ಯಾಸೊ ಅವರು ಮಂಜಿನಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಾರೆ, ಹುಡುಗರೆಲ್ಲ ಒಸಾಕಾದ ಕಾರ್ಖಾನೆಗಳಿಗೆ ಹೋಗಿಬಿಟ್ಟಿದ್ದಾರೆ, ಈ ವರ್ಷದ ಕುದುರೆದಿನದ ಬಿತ್ತನೆ ಹಬ್ಬಕ್ಕೆ ತಾವು ದಯವಿಟ್ಟು ಮುಖವಾಡ ತೊಟ್ಟು ಕುಣಿದು ಕೊಡಬೇಕು ಎಂದು ಕೇಳಿಕೊಂಡರು. ತಾವು. ಅವನಪ್ಪನ ವಯಸ್ಸಿನ ಕುಮೆಜಿ, ಮರ ಕೊಯ್ಯುವ ಗಿರಣಿಯಲ್ಲಿ ದಿಮ್ಮಿ ಹೊರುವ ಅವನಿಗೆ ತಾವು ಎಂದ. ತೊಮೆ ಚಹಾ ತಂದಿಟ್ಟಳು. ಬಂದವರು ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು ಹಾಗೆಯೇ ಕೆಳಗಿಟ್ಟರು. ಅವರು ಹೋದ ಮೇಲೆ ಅಮ್ಮ ಆ ಬಟ್ಟಲುಗಳನ್ನೆಲ್ಲ ಒಂದಾದ ಮೇಲೊಂದು ತಾನೇ ಕುಡಿದು ಖಾಲಿ ಮಾಡಿದಳು. ಚಹಾ ದುಬಾರಿ, ಚೆಲ್ಲಬಾರದು ಎಂದಳು.

ಹಿನೊತಾನಿ ಕಣಿವೆಯಲ್ಲಿ ಅವರದು ನರಿಮನೆ. ಯಾರೂ ಹಾಗೆಂದು ಅವರ ಎದುರಿಗೆ ಹೇಳಿಲ್ಲ. ಹೇಳದೆಯೇ ಮಗುವಿಗೆ ಗೊತ್ತಾಗುವ ಹಾಗೆ ಊರು ನಡೆದುಕೊಳ್ಳುತ್ತದೆ. ಗುಡ್ಡದ ಮೇಲೆ ಇನಾರಿ ದೇವರ ಗುಡಿಯಲ್ಲಿ, ಕಲ್ಲಿನ ನರಿಗಳು ಬಾಯಲ್ಲಿ ಭತ್ತದ ತೆನೆ ಕಚ್ಚಿ ಕೂತಿವೆ. ಅವು ದೇವರ ದೂತರು, ಬೆಳೆ ಕಾಯುವವರು, ಊರು ಅವುಗಳ ಕೊರಳಿಗೆ ಕೆಂಪು ಬಟ್ಟೆ ಕಟ್ಟಿ ಕರಿದ ತೋಫು ಇಟ್ಟು ಕೈ ಚಪ್ಪಾಳೆ ಹೊಡೆದು ಕರೆಯುತ್ತದೆ. ಅದೇ ನರಿ, ಇಲಿಯಷ್ಟು ಸಣ್ಣದಾಗಿ, ಕಣ್ಣಿಗೆ ಕಾಣದಂತೆ, ಕೆಲವು ಮನೆಗಳ ಅಟ್ಟದ ಮೇಲೆ ಸಂಸಾರ ಹೂಡಿರುತ್ತದಂತೆ. ಆ ಮನೆಯವರು ಯಾರನ್ನು ಮುನಿದು ನೋಡಿದರೂ ಹೋಗಿ ಅವರ ಹೊಟ್ಟೆಯೊಳಗೆ ಹೊಗುತ್ತದಂತೆ, ಪಕ್ಕದವರ ಕಣಜದಿಂದ ಭತ್ತ ಹೊತ್ತು ತರುತ್ತದಂತೆ. ಎಲ್ಲಿಂದಲೋ ಬಂದ ಅವನ ತಾತ ಇಲ್ಲಿ ಗದ್ದೆ ಕೊಂಡು ಬೇಗ ಮೇಲೆ ಬಂದ ಎನ್ನುವುದೇ ಮೂಲ. ಆ ಗದ್ದೆಯೆಲ್ಲ, ಯುದ್ಧ ಮುಗಿದ ಮೇಲೆ ಬಂದ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಹಂಚಿಹೋಯಿತು. ನರಿ ಮಾತ್ರ ಹಂಚಿಹೋಗಲಿಲ್ಲ. ಅಟ್ಟದಲ್ಲಿ ನಿಜಕ್ಕೂ ನರಿಗಳಿದ್ದರೆ ಅಮ್ಮ ಮೂಳೆ ಕೊರೆಯುವ ನೀರಿನಲ್ಲಿ ಮಂಡಿಯವರೆಗೆ ನಿಂತು ಪರರ ನಾಟಿ ಮಾಡುತ್ತಿದ್ದಳೇ ಎಂದು ಊರ ನಡುವೆ ನಿಂತು ಕೂಗಬೇಕೆಂದು ಅವನಿಗೆ ಎಷ್ಟೋ ಸಲ ಅನ್ನಿಸಿದೆ. ಆದರೆ ಅವನು ಕೂಗಿದರೆ ಜನ ಹೆದರುತ್ತಾರೆ. ಹೆದರಿ ಇನ್ನಷ್ಟು ಬಗ್ಗುತ್ತಾರೆ. ಸಿಟ್ಟನ್ನು ಸಿಟ್ಟು ಎಂದು ಎದುರಿಸುವವರೇ ಇಲ್ಲದ ಊರಿನಲ್ಲಿ ಸಿಟ್ಟಿಗೆ ಏನು ಬೆಲೆ?

ಬಟ್ಟೆಯ ಗಂಟನ್ನು ಎದೆಗವಚಿಕೊಂಡು ಅವನು ಹೊರಟ. ಬಿಸಿಲು ಬಂದಿತ್ತು. ದಾರಿಯ ಎರಡೂ ಬದಿಗೆ ಗುಡ್ಡೆ ಹಾಕಿದ್ದ ಮಂಜು ಕರಗಿ ಕೊಚ್ಚೆಯಾಗಿ ಹರಿಯುತ್ತಿತ್ತು. ತೋಫು ಅಂಗಡಿಯ ಮುಂದೆ, ದೇವರಿಗಿಡಲು ಕರಿದ ತೋಫು ಕೊಳ್ಳುವ ಹೆಂಗಸರ ಸಾಲು. ಅವನು ಸಾಲಿನ ಬಾಲದಲ್ಲಿ ನಿಂತ. ಮುಂದಿನವಳು ತಿರುಗಿ ನೋಡಿ, ಓ ಎಂದು ಪಕ್ಕಕ್ಕೆ ಸರಿದಳು. ಅವಳ ಮುಂದಿನವಳೂ ಸರಿದಳು. ಸಾಲು ಬಾಗಿಲು ತೆರೆದ ಹಾಗೆ ತೆರೆದುಕೊಂಡಿತು. ಅಂಗಡಿಯ ಸುಗಿ, ದೊಡ್ಡವು ಆರಿಸಿ ಎಲೆಯಲ್ಲಿ ಕಟ್ಟಿ, ತಮ್ಮಂಥವರನ್ನು ಕಾಯಿಸುವುದೇ ಎಂದು ನಕ್ಕಳು. ಆ ನಗು ಅವನಿಗೆ ಗೊತ್ತು. ಶಾಲೆಯ ಹಿಂದಿನ ಮರಳಿನ ವರ್ತುಲದಲ್ಲಿ ಕುಸ್ತಿಗೆ ನಿಂತಾಗ ಎದುರಿನ ಹುಡುಗನ ಮುಖದಲ್ಲಿ ಅದೇ ನಗು ಇರುತ್ತಿತ್ತು. ಅವನು ಸೊಂಟದ ಪಟ್ಟಿಗೆ ಕೈ ಹಾಕುವ ಮುಂಚೆಯೇ ಎದುರಿನವನು ತಾನಾಗಿ ಮರಳಿನ ಮೇಲೆ ಕೂತುಬಿಡುತ್ತಿದ್ದ. ಒಬ್ಬನಲ್ಲ, ಎಲ್ಲರೂ. ಮೇಷ್ಟ್ರು ಪ್ರತಿ ಸಲವೂ ಅವನ ಕೈ ಎತ್ತಿ ಗೆದ್ದ ಎಂದು ಸಾರುತ್ತಿದ್ದರು. ನರಿಮನೆ ಎನ್ನುವುದೆಲ್ಲ ಮೂಢನಂಬಿಕೆ, ಈ ಕಾಲದಲ್ಲಿ ಅಂಥದ್ದಿಲ್ಲ ಎಂದು ತರಗತಿಯಲ್ಲಿ ಭಾಷಣ ಮಾಡಿದ್ದವರೂ ಅವರೇ. ಮನೆಮನೆಗೆ ಭೇಟಿ ಕೊಡುವ ವಾರದಲ್ಲಿ ಅವನ ಮನೆಗೆ ಬಂದಾಗ ಮಾತ್ರ ಅವರಿಗೆ ಯಾವಾಗಲೂ ಹೊಟ್ಟೆ ಸರಿ ಇರುತ್ತಿರಲಿಲ್ಲ. ವರ್ಷವಿಡೀ ಗೆದ್ದು ಗೆದ್ದು, ಒಂದು ದಿನ ಗೆಲುವು ಸಾಕಾಗಿ, ಅವನು ಪುಸ್ತಕದ ಚೀಲವನ್ನು ಆ ವರ್ತುಲದಲ್ಲೇ ಬಿಟ್ಟು ಮನೆಗೆ ಬಂದ. ಮತ್ತೆ ಹೋಗಲಿಲ್ಲ. ಯಾಕೆ ಬರಲಿಲ್ಲ ಎಂದು ಬೆತ್ತ ಹಿಡಿದು ಯಾರೂ ಹುಡುಕಿಕೊಂಡು ಬರಲಿಲ್ಲ. ಬೇರೆ ಹುಡುಗರಿಗೆ ಬರುತ್ತಿದ್ದರು. ಚೀಲವನ್ನು ಯಾರೋ ತೊಳೆದು ಒಣಗಿಸಿ ಹೊಸ್ತಿಲ ಮೇಲಿಟ್ಟು ಹೋಗಿದ್ದರು.

ಎಲೆಯ ಕಟ್ಟು ಕೈಯಲ್ಲಿ ಬಿಸಿಯಾಗಿತ್ತು. ಗುಡಿಯ ಮೆಟ್ಟಿಲು ಹತ್ತುತ್ತಾ ಅವನು ನಾಲಗೆಯಿಂದ ಹಲ್ಲುಗಳನ್ನು ಸವರಿ ನೋಡಿಕೊಂಡ. ಈ ಕೆಲವು ದಿನ, ಮುಖವಾಡ ಹೊಸಬನ ಮನೆಯಲ್ಲಿ ಮಲಗಬೇಕು ಎನ್ನುವ ರೂಢಿಯಂತೆ ಅದು ಅವನಲ್ಲಿದ್ದಾಗ, ಹೊಸ ಕಡ್ಡಿಯನ್ನು ಕಚ್ಚಿ ಕಚ್ಚಿ ಅಭ್ಯಾಸ ಮಾಡಿ ಒಸಡು ನೋಯುತ್ತಿತ್ತು. ಕಡ್ಡಿ ಬದಲಾಯಿಸಿದ್ದು ಯಾಕೆ? ತನ್ನ ಎಂಜಲನ್ನು ಅವರು ಬಾಯಿಗಿಡಲಾರರು ಎಂಬ ಮರ್ಯಾದೆಗೋ? ಅಥವಾ ಅವರ ಎಂಜಲು ನನಗೇಕೆ, ನನ್ನ ಮನೆಯ ಚಹಾ ಮುಟ್ಟದ ಬಾಯಿಗಳು ಕಚ್ಚಿದ ಕಡ್ಡಿಯನ್ನು ನಾನೇಕೆ ಕಚ್ಚಲಿ ಎಂಬ ಹಟಕ್ಕೋ? ಒಂದು ಮೆಟ್ಟಿಲಿಗೆ ಅದು, ಇನ್ನೊಂದಕ್ಕೆ ಇದು. ಎರಡೂ ಹೊಲಸು ಎನ್ನಿಸಿ ಅವನು ನಡುವೆ ನಿಂತುಬಿಟ್ಟ. ಒಂದು ಕ್ಷಣ ಈ ಗಂಟನ್ನು ಇಲ್ಲೇ ಮೆಟ್ಟಿಲ ಮೇಲಿಟ್ಟು, ಕಣಿವೆಯ ಬಾಯಲ್ಲಿ ಬಸ್ಸು ಹಿಡಿದು, ಅಲ್ಲಿಂದ ರೈಲು ಹಿಡಿದು, ಯಾರ ಅಟ್ಟದಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರದ ಒಸಾಕಾಕ್ಕೆ ಹೋಗಿಬಿಡೋಣವೇ ಎನ್ನಿಸಿತು. ಅಕ್ಕ ಕಿನು ಹಾಗೇ ಹೋದವಳು. ನಿಶ್ಚಯವಾಗಿದ್ದ ಗಂಡಿನ ಕಡೆಯವರು ಬಂದು, ತಮ್ಮ ಹುಡುಗನೇ ನಿಮ್ಮ ಮಗಳಿಗೆ ತಕ್ಕವನಲ್ಲ ಎಂದು ಹಣೆ ನೆಲಕ್ಕೆ ಹಚ್ಚಿ ಕ್ಷಮೆ ಕೇಳಿದ್ದರು. ಬೇಡ ಎಂದದ್ದೂ ನಮ್ಮನ್ನು ಹೊಗಳಿಯೇ. ಹೋಗಬಹುದಿತ್ತು. ಆದರೆ ಅವನಿಗೆ ಕುಣಿಯಬೇಕಿತ್ತು. ಅದೇ ಎಲ್ಲಕ್ಕಿಂತ ದೊಡ್ಡ ಅವಮಾನ. ಗಿರಣಿಯಲ್ಲಿ ಎಲ್ಲರೂ ಊಟಕ್ಕೆ ಹೋದಾಗ ಮರದ ಪುಡಿಯ ಮೇಲೆ ಅವನು ಒಬ್ಬನೇ ನರಿಯ ಹೆಜ್ಜೆ ಹಾಕುತ್ತಿದ್ದುದನ್ನು ಯಾಸೊ ಅಜ್ಜ ಬೇಲಿಯಾಚೆಯಿಂದ ನೋಡಿದ್ದನಂತೆ. ಅವನನ್ನು ಕರೆಯಿರಿ ಎಂದದ್ದು ಅಜ್ಜನೇ ಅಂತೆ. ಚಿಕ್ಕಂದಿನಿಂದ ಕಳ್ಳನ ಹಾಗೆ ಮರದ ಮರೆಯಲ್ಲಿ ನಿಂತು ನೋಡಿ ಕಲಿತ ಕುಣಿತ ಅದು. ಎದುರು ಬಂದರೆ ಮುಂದಿನ ಸಾಲಿನಲ್ಲಿ ಜಾಗ ಬಿಟ್ಟುಕೊಡುತ್ತಾರೆ, ಸುತ್ತಲೂ ಖಾಲಿ ಜಾಗ.

ಗುಡಿಯ ಪಕ್ಕದ ಮರದ ಕೊಠಡಿಯಲ್ಲಿ ತಂಡದವರು ವೇಷ ಕಟ್ಟಿಕೊಳ್ಳುತ್ತಿದ್ದರು. ಕೊಳಲಿನವನು ಕೆಂಡದ ಕುಂಡದ ಮೇಲೆ ಕೈ ಕಾಯಿಸುತ್ತಾ ಏನೋ ಪೋಲಿ ಮಾತಾಡಿ ಎಲ್ಲರನ್ನೂ ನಗಿಸುತ್ತಿದ್ದ. ಇಸಾಕು ಜಾರುಬಾಗಿಲು ಸರಿಸಿದ್ದೇ ನಗು ನಿಂತು, ಎಲ್ಲರೂ ಸರಿದು ಕೂತರು. ಬೇಕಾದಷ್ಟು ಜಾಗವಾಯಿತು. ಕುಮೆಜಿ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬಿಚ್ಚಿದ. ಹುರಿ ಗಟ್ಟಿಯಾಗಿದೆಯೋ ಎಂದು ನೋಡಲು ಮುಖವಾಡವನ್ನು ತಿರುಗಿಸಿದ. ಅವನ ಹೆಬ್ಬೆರಳು ಕಡ್ಡಿಯ ಮೇಲೆ ನಿಂತಿತು. ಮುಖ ಬಿಳಿಚಿತು. ಪಕ್ಕದವನಿಗೆ ತೋರಿಸಿದ. ಅವನು ಕೊಳಲಿನವನನ್ನು ನೋಡಿದ. ಕುಮೆಜಿ ಗಂಟಲು ಸರಿಪಡಿಸಿಕೊಂಡು, ತುಂಬ ಚೆನ್ನಾಗಿ ಕೆತ್ತಿದ್ದೀರಿ, ಒಳ್ಳೆಯ ಮರ ಎಂದ. ಆಮೇಲೆ ಮುಖವಾಡವನ್ನು ಕೈಗೆ ಕೊಡದೆ, ಗೋಡೆಯ ಮೇಲಿನ ದೇವರ ಹಲಗೆಯ ಮೇಲಿಟ್ಟು, ಅದರ ಮುಂದೆ ಒಂದು ಹಸಿರು ರೆಂಬೆ ಇಟ್ಟ. ನಾಚಿಕೆ ಇಸಾಕುವಿನ ಕಿವಿಯಿಂದ ಶುರುವಾಗಿ ಕುತ್ತಿಗೆಗೆ ಇಳಿಯಿತು. ಸರಿ. ಇವರಿಗೆ ಹೇಸಿಗೆಯಾಗಿದೆ. ತಾನು ಕಚ್ಚಿದ್ದನ್ನು ಕೈಯಲ್ಲಿ ಹಿಡಿದಿರಲೂ ಆಗದೆ ದೇವರ ತಲೆಗೆ ಕಟ್ಟಿದ್ದಾರೆ. ಹೊಸ ಕಡ್ಡಿ ಹಾಕಿದ್ದು ನಿಮ್ಮ ಅನುಕೂಲಕ್ಕೇ ಕಣ್ರೋ ಎಂದು ಹೇಳಬೇಕೆನ್ನಿಸಿತು. ಬಿಳಿಯ ಅಂಗಿ ತೊಟ್ಟು, ಬೆನ್ನಿಗೆ ಬಾಲ ಕಟ್ಟಿಸಿಕೊಳ್ಳಲು ಯಾರನ್ನೂ ಕರೆಯದೆ ತಾನೇ ಹಿಂದಕ್ಕೆ ಕೈ ಬಾಗಿಸಿ ಒದ್ದಾಡಿದ. ಬಾಲ ಒಂದು ಕಡೆಗೆ ವಾಲಿತು. ಎಲ್ಲರಿಗೂ ಕಾಣುತ್ತಿತ್ತು. ಯಾರೂ ವಾಲಿದೆ ಎನ್ನಲಿಲ್ಲ.

ಆಗ ಹೊರಗೆ ಗಾಡಿಯ ಸದ್ದಾಯಿತು. ಬರುವುದಿಲ್ಲ ಎಂದುಕೊಂಡಿದ್ದ ಯಾಸೊ ಅಜ್ಜ, ಗೊಬ್ಬರ ಸಾಗಿಸುವ ಕೈಗಾಡಿಯಲ್ಲಿ ಹೊದಿಕೆ ಹೊದ್ದು ಕೂತು ಸೊಸೆಯ ಕೈಲಿ ತಳ್ಳಿಸಿಕೊಂಡು ಬಂದಿದ್ದ. ಕಾಲಿಗೆ ಹಲಗೆ ಕಟ್ಟಿತ್ತು. ಗಡ್ಡ ಬೋಳಿಸಿ, ಗದ್ದದಲ್ಲಿ ಕೊಯ್ದುಕೊಂಡ ಕಡೆ ಕಾಗದದ ಚೂರು ಅಂಟಿಸಿದ್ದ. ಇಬ್ಬರು ಹೋಗಿ ಅವನನ್ನು ಎತ್ತಿ ತಂದು ಚಾಪೆಯ ಮೇಲೆ ಕೂರಿಸಿದರು. ಅಜ್ಜ ಎಲ್ಲರನ್ನೂ ಬಯ್ಯುತ್ತಲೇ ಬಂದ. ನನ್ನನ್ನೇನು ಮೂಲಂಗಿ ಮೂಟೆ ಅಂದ್ಕೊಂಡ್ರಾ, ಮೆಲ್ಲಗೆ ಎಂದ. ಕೊಳಲಿನವನಿಗೆ, ನಿನ್ನ ಬಾಯಿಂದ ಈಗಲೇ ಸಾಕೆ ಹೆಂಡದ ವಾಸನೆ, ಕೊಳಲೇ ತೂರಾಡೀತು ಎಂದ. ನಕ್ಕವರ ನಗು ಅರ್ಧಕ್ಕೇ ನಿಂತಿದ್ದು ಅವನಿಗೆ ತಿಳಿಯಿತು. ಅವರೆಲ್ಲ ನೋಡದಿರಲು ಪ್ರಯತ್ನಪಡುತ್ತಿದ್ದ ಕಡೆಗೆ ತಲೆ ಎತ್ತಿದ. ಹಲಗೆಯ ಮೇಲೆ ಮುಖವಾಡ, ಅದರ ತೆರೆದ ಬಾಯಲ್ಲಿ ಬೆಳ್ಳಗೆ ಹೊಳೆಯುವ ಕಡ್ಡಿ, ಮುಂದೆ ಹಸಿರು ರೆಂಬೆ.

"ಯಾರು ಸತ್ತಿದ್ದು?" ಎಂದ ಅಜ್ಜ.

ಇಸಾಕುವಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಜ್ಜ ತನ್ನಷ್ಟಕ್ಕೆ ಎಂಬಂತೆ, ನಮ್ಮಪ್ಪ ಸತ್ತಾಗ ಹೊಸ ಕಡ್ಡಿ ಹಾಕಿದ್ರು, ಹೀಗೇ ಹಲಗೆ ಮೇಲಿಟ್ಟಿದ್ರು, ನಾನು ಅಲ್ಲಿಂದಲೇ ಇಳಿಸ್ಕೊಂಡೆ ಎಂದ. ಬದುಕಿದ್ರೆ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಕೊಡ್ತಿದ್ದ ಎಂದ. ಆಗ ಇಸಾಕುವಿಗೆ ತಿಳಿಯಿತು. ಕುಣಿಯುವವನು ಜೀವಂತ ಇದ್ದರೆ ಅವನೇ ಮೊದಲು ಕಡ್ಡಿ ಕಚ್ಚಿ, ನರಿಯ ಬಾಯಿ ಆಡಿಸಿ, ಹಸಿಯಾಗಿರುವಾಗಲೇ ಮುಂದಿನವನಿಗೆ ದಾಟಿಸುತ್ತಾನೆ. ಕಡ್ಡಿ ಹೊಸದಾಗುವುದು ಹಳಬ ಸತ್ತಾಗ ಮಾತ್ರ. ಕಣಿವೆಯ ಪ್ರತಿಯೊಬ್ಬನಿಗೂ ಗೊತ್ತಿದ್ದ ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ನರಿಮನೆಯವನಿಗೆ ನರಿಯ ವಿಷಯ ಹೇಳಿಕೊಡುವಷ್ಟು ಧೈರ್ಯ ಯಾರಿಗಿತ್ತು? ಮರದ ಮರೆಯಿಂದ ಹೆಜ್ಜೆ ಕಾಣುತ್ತದೆ, ಮುಖವಾಡದ ಒಳಗು ಕಾಣುವುದಿಲ್ಲ. ಬದುಕಿರುವ ಮುದುಕನ ಹಲ್ಲಿನ ಗುರುತನ್ನು ಅವನು ಒಲೆಗೆ ಹಾಕಿ, ಉರಿಯುವುದನ್ನು ನೋಡುತ್ತಾ ಕೂತಿದ್ದ. ಕುಮೆಜಿ ಹೆಬ್ಬೆರಳು ನಿಲ್ಲಿಸಿದ್ದು ಹೇಸಿಗೆಗಲ್ಲ. ಇಷ್ಟು ವರ್ಷ ಅವರ ಮುಖ ಓದಿ ಓದಿ ಪಳಗಿದ್ದೇನೆ ಎಂದುಕೊಂಡಿದ್ದ ತಾನು ಇವತ್ತು ಪೂರ್ತಿ ತಪ್ಪಾಗಿ ಓದಿದ್ದೆ ಎಂದು ಹೊಳೆದದ್ದೇ, ಹಾಗಾದರೆ ಬೇರೆ ಎಷ್ಟು ದಿನ ತಪ್ಪಾಗಿ ಓದಿದ್ದೆನೋ ಎಂಬ ಹೊಸ ಭಯ ಹುಟ್ಟಿತು.

ಕುಮೆಜಿ ಅಜ್ಜನ ಮುಂದೆ ಬಂದು ಮಂಡಿಯೂರಿದ. ಕಡ್ಡಿ ಬದಲಾಯಿಸಿದ್ದು ನಾನೇ, ಹಳೆಯದು ಬಿರುಕು ಬಿಟ್ಟಿತ್ತು, ನಿಮ್ಮನ್ನು ಕೇಳದೆ ಮಾಡಿದ್ದು ನನ್ನ ತಪ್ಪು ಎಂದು ಸಲೀಸಾಗಿ ಸುಳ್ಳು ಹೇಳಿದ. ಕೊಳಲಿನವನು ಹೌದು ಹೌದು, ನಾನೂ ನೋಡಿದೆ, ಬಿರುಕಿತ್ತು ಎಂದ. ಅವರಿಬ್ಬರ ಕಣ್ಣೂ ಇಸಾಕುವಿನ ಕಡೆಗೆ ತಿರುಗಲಿಲ್ಲ. ಇವರು ಅವನನ್ನು ಉಳಿಸುತ್ತಿರಲಿಲ್ಲ. ಅವನ ಮೇಲೆ ತಪ್ಪು ಹೊರಿಸಿದರೆ ಯಾರ ಹೊಟ್ಟೆಗೆ ನರಿ ಹೊಕ್ಕೀತೋ ಎಂದು ತಮ್ಮನ್ನು ತಾವು ಉಳಿಸಿಕೊಳ್ಳುತ್ತಿದ್ದರು. ಮರಳಿನ ಮೇಲೆ ತಾವಾಗಿಯೇ ಕೂತುಬಿಟ್ಟಿದ್ದರು, ಈಗಲೂ. ಸುಮ್ಮನಿದ್ದರೆ ಸಾಕು, ಎಲ್ಲ ಮುಗಿಯುತ್ತಿತ್ತು. ಹಲಗೆಯಿಂದ ಮುಖವಾಡ ಇಳಿಸಿಕೊಂಡು, ಕುಣಿದು, ಹೊಗಳಿಸಿಕೊಂಡು ಮನೆಗೆ ಹೋಗಬಹುದಿತ್ತು. ಬದುಕಿಡೀ ಹಾಗೆ ಗೆಲ್ಲುತ್ತಲೇ ಇರಬಹುದಿತ್ತು.

"ಅವರಲ್ಲ, ನಾನು" ಎಂದ. ಧ್ವನಿ ಅವನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಬಿರುಕೂ ಇರ್ಲಿಲ್ಲ, ಏನೂ ಇರ್ಲಿಲ್ಲ. ನಾನೇ ಕಿತ್ತು ಒಲೆಗೆ ಹಾಕ್ದೆ."

ಯಾಸೊ ಅಜ್ಜ ಇಸಾಕುವಿನ ಕಡೆ ತಿರುಗಿದ. ಕೈ ಚಾಪೆಯ ಅಂಚನ್ನು ತಡವುತ್ತಿತ್ತು. ಆಮೇಲೆ ಅವನ ಮುಖದ ಮೇಲೂ ಮೆಲ್ಲಗೆ ಆ ನಗು ಬಂದು ಕೂರುವುದನ್ನು ಇಸಾಕು ಕಂಡ. ತೋಫು ಅಂಗಡಿಯ ನಗು. ಎಲ್ಲರನ್ನೂ ಬಯ್ಯುತ್ತಾ ಬಂದಿದ್ದ ಬಾಯಿ, ತಿಳಿಯದೆ ಮಾಡಿದ್ದೀರಿ, ಹೋಗ್ಲಿ ಬಿಡಿ, ತಾವು ಕುಣಿಯೋದಕ್ಕೆ ಒಪ್ಪಿದ್ದೇ ದೊಡ್ಡದು ಎಂದಿತು. ತನ್ನ ಸಾವನ್ನೇ ನುಂಗಿಕೊಂಡು ಮುದುಕ ಬಗ್ಗಿ ನಮಸ್ಕರಿಸಲು ಹೊರಟಿದ್ದ. ಕಟ್ಟು ಹಾಕಿದ ಕಾಲು ಮಡಚಲಾಗದೆ, ನೋವಿನಲ್ಲಿ ಹಲ್ಲು ಕಚ್ಚಿಕೊಂಡು, ಒಂದು ಪಕ್ಕಕ್ಕೆ ವಾಲಿಕೊಂಡು. ಆ ಬಗ್ಗುವ ಬೆನ್ನನ್ನು ನೋಡಲಾಗದೆ ಇಸಾಕು ಧಾವಿಸಿ ಅವನ ಎರಡೂ ಹೆಗಲು ಹಿಡಿದುಬಿಟ್ಟ. ಯಾರೋ ಹಾ ಎಂದು ಉಸಿರೆಳೆದರು. ನರಿಮನೆಯ ಕೈ ಊರವರ ಮೈ ಮೇಲೆ ಹೀಗೆ ಬಿದ್ದದ್ದೇ ಇಲ್ಲ.

"ಬಗ್ಬೇಡ ಅಜ್ಜ" ಎಂದ. "ನನಗೆ ಬಗ್ಗೋದು ಬೇಡ. ನನ್ನ ಎಂಜಲು ನಿಮಗಾಗಲ್ಲ ಅಂತ ಹೊಸ ಕಡ್ಡಿ ಹಾಕ್ದೆ. ನಿಮ್ಮ ಎಂಜಲು ನನಗ್ಯಾಕೆ ಅಂತಾನೂ ಹಾಕ್ದೆ. ಎರಡೂ ಹೌದು. ಸತ್ತೋರಿಗೆ ಹಾಕೋದು ಅಂತ ಗೊತ್ತಿರ್ಲಿಲ್ಲ, ನನಗೆ ಯಾರು ಹೇಳ್ತಾರೆ? ತಪ್ಪು ನಂದು. ಕೊಳಲಿನವನಿಗೆ ಬಯ್ದಂಗೆ ನನಗೂ ಬಯ್ಯಿ."

ಹಿಡಿದ ಹೆಗಲು ಅವನ ಅಂಗೈಯಲ್ಲಿ ಸಣ್ಣದಾಗಿತ್ತು, ಹಕ್ಕಿಯ ಮೂಳೆಗಳ ಹಾಗೆ. ಅದು ಮೊದಲು ಬಿಗಿಯಿತು. ಹೆದರಿದ್ದಾನೆ ಎಂದುಕೊಂಡ ಇಸಾಕು. ಇನ್ನೇನು ಕೈ ತೆಗೆಯಬೇಕು, ತೆಗೆದು ಓಡಬೇಕು. ಬಸ್ಸು ಎಷ್ಟು ಹೊತ್ತಿಗೆ? ಅಷ್ಟರಲ್ಲಿ ಎಡಗಿವಿಯ ಮೇಲೆ ಏನೋ ಸಿಡಿಯಿತು. ಅಜ್ಜನ ಅಂಗೈ. ಕಿವಿ ಗುಂಯ್ ಎಂದಿತು.

"ನಾನು ಸತ್ತಿಲ್ಲ ಕಣೋ, ಕತ್ತೆ ಮುಂಡೇದೇ" ಎಂದ ಅಜ್ಜ. ಸಣ್ಣ ಧ್ವನಿಯಲ್ಲಿ, ಹಲ್ಲಿನ ನಡುವೆ. "ಕಾಲು ಮುರ್ದಿದ್ರೆ ಬಾಯೂ ಮುರ್ದಿದ್ಯಾ ನಂದು? ನಮ್ಮಪ್ಪ ಸತ್ತಾಗಿಂದ ಕಚ್ಚಿದ ಕಡ್ಡಿ ಅದು. ಒಲೆಗೆ ಹಾಕ್ದನಂತೆ, ಒಲೆಗೆ. ಸ್ನಾನ ಚೆನ್ನಾಗಾಯ್ತೇನೋ? ನೀರು ಕಾದಿತ್ತೇನೋ?"

"ಕಾದಿತ್ತು" ಎಂದ ಇಸಾಕು.

ಕೊಳಲಿನವನು ನಗುವನ್ನು ಕೆಮ್ಮನ್ನಾಗಿ ಮಾಡಲು ಹೋಗಿ ಸೋತ. ಅಜ್ಜನ ಬಯ್ಗುಳ ನಿಲ್ಲಲಿಲ್ಲ. ಬಾಲ ನೋಡು, ಸತ್ತ ಬೆಕ್ಕು ನೇತುಹಾಕ್ದಂಗೆ ಕಟ್ಕೊಂಡಿದ್ದೀಯ ಎಂದ. ಗಿರಣಿಯಲ್ಲಿ ನಿನ್ನ ಕುಣಿತ ನೋಡಿದಾಗಲೇ ಗೊತ್ತಾಯ್ತು, ಕಾಲಲ್ಲಿ ನರಿ ಇದೆ, ತಲೆಯಲ್ಲಿ ಹೊಟ್ಟು ಎಂದ. ಕಾಲಲ್ಲಿ ನರಿ ಇದೆ ಎಂಬ ಮಾತು ಹೊರಬಿದ್ದಾಗ ಕುಮೆಜಿ ಬೆಚ್ಚಿದ್ದು ಕಂಡಿತು. ಆ ಪದವನ್ನು ಇಸಾಕುವಿಗೆ ಅಂಟಿಸಿ ಅವನ ಎದುರು ಯಾರೂ ಈವರೆಗೆ ಬಾಯಿ ಬಿಟ್ಟು ಆಡಿರಲಿಲ್ಲ. ಅಜ್ಜನಿಗೆ ಆ ಎಚ್ಚರವೇ ಇಲ್ಲ. ಅಥವಾ ಇತ್ತೋ. ಪ್ರತಿ ಬಯ್ಗುಳವೂ ಹೊಟ್ಟೆಗೆ ಬಿಸಿ ಗಂಜಿ ಇಳಿದ ಹಾಗೆ ಇಳಿಯುತ್ತಿತ್ತು. ಕಣ್ಣಲ್ಲಿ ನೀರು ಬಂದದ್ದು ಏಟಿಗೆ ಎಂದು ಎಲ್ಲರೂ ತಿಳಿಯಲಿ ಎಂದು ಅವನು ಕಿವಿಯನ್ನು ಉಜ್ಜಿಕೊಂಡ. ಇಷ್ಟು ವರ್ಷ ಅವನು ಸಿಟ್ಟಿನಿಂದ ಕಾದದ್ದು ನ್ಯಾಯಕ್ಕೆ ಎಂದುಕೊಂಡಿದ್ದ. ಊರೆಲ್ಲ ಸೇರಿ ಒಂದು ದಿನ ತಪ್ಪಾಯಿತು ಎನ್ನುತ್ತದೆ ಎಂದು. ಊರು ಹಾಗೆನ್ನಲಿಲ್ಲ. ಊರಿಗೆ ಸೇರಿದ ಒಬ್ಬ ಮುದುಕ ಅವನನ್ನು ಕತ್ತೆ ಎಂದ.

ಮುಖವಾಡ ಇಳಿಸು ಎಂದ ಅಜ್ಜ. ಕುಮೆಜಿ ಎದ್ದ. ನೀನಲ್ಲ, ಅವನು ಎಂದ. ಇಸಾಕು ರೆಂಬೆಯನ್ನು ಪಕ್ಕಕ್ಕಿಟ್ಟು, ಮುಖವಾಡ ತಂದು ಅಜ್ಜನ ಕೈಗಿತ್ತ. ಅಜ್ಜ ಅದನ್ನು ಬೋರಲು ಮಾಡಿ ಕಡ್ಡಿಯನ್ನು ಬೆಳಕಿಗೆ ಹಿಡಿದ. ಅದು ಹೊಸದಾಗಿರಲಿಲ್ಲ, ಅಷ್ಟರಲ್ಲೇ. ಅಭ್ಯಾಸ ಮಾಡಿದ ಇಸಾಕುವಿನ ಹಲ್ಲಿನ ಗುರುತುಗಳು ಬಿಳಿ ಮರದ ಮೇಲೆ ಸಾಲಾಗಿ ಎದ್ದು ಕಾಣುತ್ತಿದ್ದವು, ಒಂದು ಕಡೆ ಒಸಡಿನ ರಕ್ತದ ಕಂದು ಕಲೆಯೂ. ಬಾಗಿಲ ಬಳಿ ನಿಂತಿದ್ದ ಅಜ್ಜನ ಸೊಸೆ, ಮಾವ ಎಂದಳು. ಅಷ್ಟೇ ಅಂದಳು. ಇಸಾಕುವಿಗೆ ಅದರ ಅರ್ಥ ಚೆನ್ನಾಗಿ ಗೊತ್ತಿತ್ತು. ತಪ್ಪಿಸಿಕೊಳ್ಳುವ ದಾರಿಯನ್ನು ಅಜ್ಜನಿಗೆ ತಾನೇ ತೆರೆದು ಕೊಡಲು ಅವನು ಬಾಯಿ ತೆರೆದ. ಒರೆಸಿ ಕೊಡ್ತೀನಿ ಅಜ್ಜ, ಬೇಕಾದ್ರೆ ಕೆತ್ತಿ ಕೊಡ್ತೀನಿ ಎನ್ನಲು. ಅಮ್ಮನ ಮಾತುಗಳು ನಾಲಗೆಯ ತುದಿಗೇ ಬಂದು ನಿಂತವು. ಅವನು ಹಲ್ಲು ಕಚ್ಚಿ ಅವುಗಳನ್ನು ತಡೆದ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಅವನು ಮಾಡಿರಲಿಲ್ಲ. ಗಿರಣಿಯ ಯಾವ ದಿಮ್ಮಿಯೂ ಅಷ್ಟು ಭಾರ ಇರಲಿಲ್ಲ.

ಅಜ್ಜ ಗದ್ದದ ಮೇಲಿನ ಕಾಗದದ ಚೂರನ್ನು ಕಿತ್ತುಹಾಕಿದ. ಮುಖವಾಡವನ್ನು ಮುಖಕ್ಕೆ ತಂದ. ಮುದುಕನ ಸುಕ್ಕು, ಕೊಯ್ದ ಗಾಯ, ನೀರೂರಿದ ಕಣ್ಣು ಎಲ್ಲ ಹೋಗಿ ಅಲ್ಲಿ ಬಿಳಿ ನರಿ ಕೂತಿತ್ತು. ಒಳಗೆ ಹಲ್ಲಿಗೆ ಮರ ತಾಗಿದ ಸದ್ದು ಇಸಾಕುವಿಗೆ ಸ್ಪಷ್ಟವಾಗಿ ಕೇಳಿಸಿತು. ಕೆಳದವಡೆ ಒಮ್ಮೆ ತಡವರಿಸಿತು. ಟಕ್ ಎಂದಿತು. ಮತ್ತೆ ಟಕ್ ಟಕ್. ಬಾಯಿ ತೆರೆದು ಮುಚ್ಚಿ, ನರಿ ಕೊಠಡಿಯ ಒಬ್ಬೊಬ್ಬರ ಕಡೆಗೂ ತಲೆ ಓರೆ ಮಾಡಿ ನೋಡಿತು. ಕುಮೆಜಿ ತನಗರಿವಿಲ್ಲದೆ ತಲೆ ಬಾಗಿಸಿದ. ಆ ಬಾಗುವಿಕೆಯಲ್ಲಿ ಹೆದರಿಕೆ ಇತ್ತೋ ಭಕ್ತಿ ಇತ್ತೋ, ಇಸಾಕು ಈ ಸಲ ಓದಲು ಹೋಗಲಿಲ್ಲ. ಅಜ್ಜ ಮುಖವಾಡ ತೆಗೆದು, ತುಟಿ ಒರೆಸಿಕೊಳ್ಳದೆ, ಕಡ್ಡಿ ಕುದುರೆ ಬಾಯಿಗೆ ಮಾಡಿದಂಗಿದೆ, ದವಡೆ ನೋಯ್ತದೆ ಎಂದು ಗೊಣಗಿ ಅವನತ್ತ ಚಾಚಿದ. ನಾಳೆ ಮನೆಗೆ ಬರ್ತೀನಿ, ನಿಮ್ಮಮ್ಮ ಚಹಾ ಮಾಡಲಿ, ಕೂತ್ಕೊಂಡು ತೆಳ್ಳಗೆ ಮಾಡೋದು ತೋರಿಸ್ತೀನಿ ಎಂದ. ಸೊಸೆ ಮುಖ ಬೇರೆ ಕಡೆ ತಿರುಗಿಸಿದಳು. ತಿರುಗಿಸಲಿ. ಗಾಡಿ ತಳ್ಳಬೇಕಾದವಳು ಅವಳು, ಬರುತ್ತಾಳೋ ಇಲ್ಲವೋ ನಾಳೆ ನೋಡೋಣ.

ಇಸಾಕು ಮುಖವಾಡ ಕಟ್ಟಿಕೊಂಡ. ಕಡ್ಡಿ ಬೆಚ್ಚಗಿತ್ತು, ಹಸಿಯಾಗಿತ್ತು. ತಂಬಾಕು, ಉಪ್ಪು ಹಾಕಿದ ಹುಳಿ ಪ್ಲಮ್ ಹಣ್ಣು, ಮುದಿ ಬಾಯಿಯ ಕಹಿ. ಹೇಸಿಗೆ ಎನ್ನುವುದು ತನಗೂ ಇದೆ, ಎಲ್ಲರಿಗೂ ಇದ್ದಂತೆ, ಅಷ್ಟೇ ಸಾಧಾರಣವಾಗಿ. ಅದನ್ನು ನುಂಗಿದ, ಅದು ಇಳಿಯಿತು. ಯಾರೋ ಹಿಂದಿನಿಂದ ಬಂದು ಬಾಲವನ್ನು ಎಳೆದು ನೆಟ್ಟಗೆ ಕಟ್ಟಿದರು. ಗಂಟು ಬಿಗಿಯುವಾಗ ಮಂಡಿಯನ್ನು ಅವನ ಸೊಂಟಕ್ಕೆ ಒತ್ತಿದರು. ಯಾರೆಂದು ತಿರುಗಿ ನೋಡಲು ಮುಖವಾಡದ ಸಣ್ಣ ಕಂಡಿಯಲ್ಲಿ ಆಗಲಿಲ್ಲ.

ಹೊರಗೆ ಬಿಸಿಲು ಮಂಜಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಕಂಡಿಯಿಂದ ಊರು ಚೂರು ಚೂರಾಗಿ ಕಂಡಿತು. ಒಂದು ಕೆಂಪು ಶಾಲು, ಒಂದು ಬಾಯಿ, ಮಗುವನ್ನು ಮುಂದಿನ ಸಾಲಿನಿಂದ ಹಿಂದಕ್ಕೆಳೆದುಕೊಂಡ ಒಂದು ಕೈ. ಅದೂ ಇತ್ತು. ಆ ಕೈಯ ಪಕ್ಕದಲ್ಲೇ ಕತ್ತು ಚಾಚಿ ಮುಂದೆ ಬಂದ ಇನ್ನೊಂದು ಮುಖವೂ ಇತ್ತು. ನರಿ ಬೀಜ ಬಿತ್ತುವ ಕುಣಿತ ಇದು. ಕಾಳು ಎರಚಿದ ಕಡೆ ಈ ವರ್ಷ ಭತ್ತ ಏಳುತ್ತದೆ ಎಂದು ಇವರೆಲ್ಲ ಕೊಚ್ಚೆಯಲ್ಲಿ ನಿಂತು ಕಾಯುತ್ತಿದ್ದಾರೆ. ಕುಮೆಜಿಯ ಡೋಲು ಒಮ್ಮೆ ಗುಡುಗಿತು. ಕೊಳಲು ಎದ್ದಿತು. ಇಸಾಕುವಿನ ಕಾಲು ಏಳಲಿಲ್ಲ. ಮರದ ಪುಡಿಯ ಮೇಲೆ ಹಗುರಾಗಿ ಹಾರುತ್ತಿದ್ದ ಹೆಜ್ಜೆ ಇಷ್ಟು ಕಣ್ಣುಗಳ ಮುಂದೆ ಮರೆತೇ ಹೋಯಿತು. ಡೋಲು ಒಂದು ಸುತ್ತು ಮುಗಿಸಿ, ಅವನಿಗಾಗಿ ಕಾಯುತ್ತಾ ಅದೇ ಜಾಗದಲ್ಲಿ ಮತ್ತೆ ತಿರುಗಿತು. ಯಾರೋ ನಕ್ಕರು. ಅವನನ್ನು ನೋಡಿ, ಬಾಯಿ ಮುಚ್ಚಿಕೊಳ್ಳದೆ ನಕ್ಕರು. ಬಾಯಲ್ಲಿ ಕಡ್ಡಿ ಇದ್ದುದರಿಂದ ಅವನಿಗೆ ಏನನ್ನೂ ಹೇಳಲು ಆಗುತ್ತಿರಲಿಲ್ಲ, ಹೇಳುವ ಅಗತ್ಯವೂ ಕಾಣಲಿಲ್ಲ. ಕೈಗಾಡಿಯ ಕಡೆಯಿಂದ ಮುದಿ ಧ್ವನಿಯೊಂದು ಡೋಲನ್ನೂ ಮೀರಿ ಬಂತು.

"ಎಡಗಾಲು ಕಣೋ, ಎಡಗಾಲು."

ಎಡಗಾಲು ಎದ್ದಿತು.